ಹಲ್ಲಿನ ಕ್ಲಿನಿಕ್‌ನಲ್ಲಿ ನಮ್ಮ ಹೆಸರಿಗೂ ಒಂದು ಫೈಲ್ ಇರಲಿ

ಮಾನ್ಯ ಸಂಪಾದಕರೇ,

ಒಂಬತ್ತು ವರ್ಷದಿಂದ ಹಲ್ಲಿನ ಕ್ಲಿನಿಕ್ ಒಂದರಲ್ಲಿ ಡಾಕ್ಟರಿಗೆ ಸಹಾಯಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಹೋದ ಮಳೆಗಾಲದಲ್ಲಿ ಒಂದು ಸಂಜೆ, ಹಲ್ಲು ಕಿತ್ತಾದ ಮೇಲೆ ಟ್ರೇ ತೆಗೆಯುತ್ತಿದ್ದಾಗ ಮರಗಟ್ಟಿಸುವ ಇಂಜೆಕ್ಷನ್ನಿನ ಸೂಜಿ ಗ್ಲೌಸ್ ತೂರಿ ಹೆಬ್ಬೆರಳಿಗೆ ಚುಚ್ಚಿತು. ಒಂದೇ ಹನಿ ರಕ್ತ. ಸೋಪು ಹಚ್ಚಿ ತೊಳೆದುಕೊಂಡು ಆಸ್ಪತ್ರೆಗೆ ಓಡಿದೆ. ಅಲ್ಲಿ ಮೊದಲು ಕೇಳಿದ್ದು, ರಕ್ತದಿಂದ ಹರಡುವ ಲಿವರ್ ಸೋಂಕು ಹೆಪಟೈಟಿಸ್ ಬಿಗೆ ಹಾಕುವ ಲಸಿಕೆ ಮೂರೂ ಡೋಸ್ ಆಗಿದೆಯಾ ಅಂತ.

ಎರಡು ಹಾಕಿಸಿದ್ದು ನೆನಪಿತ್ತು. ಆರು ತಿಂಗಳಿಗೆ ಹಾಕಿಸಬೇಕಾದ ಮೂರನೆಯದು? ಗೊತ್ತಿಲ್ಲ. ಕ್ಲಿನಿಕ್‌ಗೆ ಫೋನ್ ಮಾಡಿದೆ. ರಿಸೆಪ್ಷನ್ ಹುಡುಗಿ ಡ್ರಾಯರ್ ಎಲ್ಲ ತಡಕಿದಳು. ಲ್ಯಾಬ್ ಬಿಲ್ಲುಗಳ ಅಡಿಯಲ್ಲಿ ನನ್ನ ಆಧಾರ್ ಜೆರಾಕ್ಸ್ ಸಿಕ್ಕಿತು, ಲಸಿಕೆ ಚೀಟಿ ಸಿಗಲಿಲ್ಲ. ಎಂಟು ವರ್ಷದ ಹಿಂದಿನ ಪೇಷೆಂಟ್ ಎಕ್ಸ್‌ರೇ ಕೇಳಿದರೆ ಎರಡು ನಿಮಿಷದಲ್ಲಿ ತೆಗೆದುಕೊಡುತ್ತೇವೆ. ಅದನ್ನೆಲ್ಲ ಜೋಡಿಸಿಟ್ಟವಳು ನಾನೇ. ಕೊನೆಗೆ ರಕ್ತ ಪರೀಕ್ಷೆಯಲ್ಲಿ ರಕ್ಷಣೆ ಸಾಲದು ಎಂದು ಬಂತು, ತಕ್ಷಣಕ್ಕೆ ರಕ್ಷಣೆ ಕೊಡುವ ಇಮ್ಯುನೊಗ್ಲೋಬ್ಯುಲಿನ್ ಇಂಜೆಕ್ಷನ್ ಕೊಟ್ಟು ಲಸಿಕೆ ಮತ್ತೆ ಮೊದಲಿನಿಂದ ಶುರು ಮಾಡಿದರು.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಸಣ್ಣ ಕ್ಲಿನಿಕ್‌ಗಳಿಗೂ ಅನ್ವಯಿಸುತ್ತವೆ. ಸಿಬ್ಬಂದಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು, ಕೆಲಸಕ್ಕೆ ಸೇರುವಾಗ ಮತ್ತು ಆಮೇಲೆ ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಮಾಡಿಸಬೇಕು, ತರಬೇತಿ ಕೊಡಬೇಕು. ತ್ಯಾಜ್ಯದ ಲೆಕ್ಕವನ್ನು 5 ವರ್ಷ ಇಡಬೇಕು ಅಂತಲೂ ಇದೆ, ಅದನ್ನು ನಾವು ಇಟ್ಟಿದ್ದೇವೆ. ಹಳದಿ ಚೀಲದ ತೂಕ ದಿನಾ ಬರೆಯುತ್ತೇವೆ, ಆ ಚೀಲ ಕಟ್ಟುವವಳಿಗೆ ಲಸಿಕೆ ಆಗಿದೆಯೋ ಇಲ್ಲವೋ ಎಲ್ಲೂ ಬರೆದಿಲ್ಲ. ಇದು ಸರಿಯಾ ಹೇಳಿ.

ಇನ್ನೊಂದು ಮಾತು ಹೇಳಲೇಬೇಕು. ಚುಚ್ಚಿದ ಮೇಲೆ ಮಾಡಿಸಿದ ನನ್ನ ಎಚ್‌ಐವಿ ಪರೀಕ್ಷೆಯ ರಿಪೋರ್ಟ್ ಮುಂದಿನ ವಾರ ಬಿಲ್ ಪುಸ್ತಕದ ಮೇಲೆ ಸುಮ್ನೆ ಬಿದ್ದಿತ್ತು. ನೆಗೆಟಿವ್ ಇತ್ತು, ಆದರೂ ಅದು ಯಾರ್‍ಯಾರೋ ನೋಡುವ ಕಾಗದ ಅಲ್ಲ, ಅಲ್ವಾ? ಆವತ್ತು ಮನೆಗೆ ಹೋಗಿ ತುಂಬಾ ಅತ್ತೆ.

ಕೆಲಸದ ಆರ್ಡರ್, ಸಂಬಳ, ರಜೆ ಒಂದು ಫೈಲಿನಲ್ಲಿರಲಿ. ಆರೋಗ್ಯದ ಕಾಗದ ಬೇರೆಯೇ ಲಕೋಟೆಯಲ್ಲಿ, ಬೀಗ ಇರುವ ಕಪಾಟಿನಲ್ಲಿರಲಿ, ಬೀಗದ ಕೈ ಡಾಕ್ಟರ ಹತ್ತಿರ ಮಾತ್ರ ಇರಲಿ. ಒಂದೊಂದು ಪ್ರತಿ ನಮಗೂ ಕೊಡಲಿ. ನಾಲ್ಕು ಜನ ಇರುವ ಕ್ಲಿನಿಕ್‌ಗೆ ಇದು ಅರ್ಧ ದಿನದ ಕೆಲಸ, ಖರ್ಚೂ ಜಾಸ್ತಿ ಇಲ್ಲ. ತಪಾಸಣೆಗೆ ಬರುವ ಅಧಿಕಾರಿಗಳು ಕಸದ ಡಬ್ಬಿಯ ಬಣ್ಣ ನೋಡುವಾಗ ಈ ಫೈಲನ್ನೂ ಕೇಳಲಿ.

ನನ್ನ ಮೂರನೇ ಡೋಸ್ ಹೋದ ತಿಂಗಳು ಆಯಿತು. ಚೀಟಿ ಈಗ ಎರಡು ಕಡೆ ಇದೆ.

– ಒಬ್ಬ ದಂತ ಸಹಾಯಕಿ, ದಾವಣಗೆರೆ