ಕಡಲು ಇವತ್ತು ಹೇಗಿದೆ? ಪ್ರವಾಸೋದ್ಯಮ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಪ್ರವಾಸೋದ್ಯಮ ಸಚಿವರಿಗೆ ನಮಸ್ಕಾರ.

ನಾನು ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಟೀಚರ್. ಕಳೆದ ನವೆಂಬರಿನಲ್ಲಿ ಒಂದು ವಾರಾಂತ್ಯ ಮಗಳ ಜೊತೆ ಮೂಲ್ಕಿಗೆ ಹೋಗಿ ಬಂದೆ. ದೊಡ್ಡ ಪ್ಲಾನ್ ಏನಲ್ಲ. ಶನಿವಾರ ರಜೆ ಹಾಕಿ ಬೆಳಗಿನ ಜಾವದ ಬಸ್ಸು ಹತ್ತುವುದು, ಶಿರಾಡಿ ಘಾಟಿ ಇಳಿಯುವುದು, ಮಧ್ಯಾಹ್ನ ಬಂಗುಡೆ ಪುಳಿಮುಂಚಿ ಊಟ, ಭಾನುವಾರ ಬೆಳಿಗ್ಗೆ ಮಗಳಿಗೆ ಒಂದು ಸರ್ಫಿಂಗ್ ಕ್ಲಾಸು. ಉಳಿದ ಹೊತ್ತು ಸುಮ್ನೆ ಕೂರುವುದು. ಉತ್ತರಪತ್ರಿಕೆಯ ಕಟ್ಟನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಅಲ್ಲಿಗೇ ಅರ್ಧ ರಜೆ ಸಿಕ್ಕಂತಾಯ್ತು.

ಮೂಲ್ಕಿಯೇ ಯಾಕೆ ಅಂದರೆ, ಅಲೆಯ ಮೇಲೆ ನಿಲ್ಲುವ ಆಟ ನಮ್ಮ ದೇಶದಲ್ಲಿ ಕಾಲೂರಿದ ಊರುಗಳಲ್ಲಿ ಅದೂ ಒಂದು. 2004ರಲ್ಲಿ ಅಲ್ಲಿಯ ಆಶ್ರಮವಾಸಿಗಳು ಮಂತ್ರ ಸರ್ಫ್ ಕ್ಲಬ್ ಶುರು ಮಾಡಿದರು. ಸನ್ಯಾಸಿಗಳು ಸರ್ಫ್ ಬೋರ್ಡ್ ಹಿಡಿದು ಕಡಲಿಗೆ ಇಳಿದದ್ದು ಆಗ ದೊಡ್ಡ ಸುದ್ದಿ. 2016ರಲ್ಲಿ ಪಕ್ಕದ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ಇಷ್ಟೆಲ್ಲ ಆದರೂ ಊರು ಊರಾಗಿಯೇ ಉಳಿದಿದೆ. ಹೆದ್ದಾರಿ 66ರಲ್ಲಿ ಎಕ್ಸ್‌ಪ್ರೆಸ್ ಬಸ್ಸಿನಿಂದ ಹಳೆಯಂಗಡಿಯಲ್ಲಿ ಇಳಿದರೆ ಕಂಡಕ್ಟರ್ ಬಾಗಿಲಿಗೆ ಬಡಿದು "ರೈಟ್ ಪೋಯಿ" ಅಂತಾನೆ. ಅಲ್ಲಿಂದ ಆಟೋ, ತೆಂಗಿನ ತೋಟ, ಬೇಲಿಯ ಮೇಲೆ ಒಣಗಲು ಹಾಕಿದ ಬಲೆ. ಆಮೇಲೆ ಇದ್ದಕ್ಕಿದ್ದ ಹಾಗೆ ಕಡಲು.

ಈಗ ವಿಷಯಕ್ಕೆ ಬರುತ್ತೇನೆ.

ಶನಿವಾರ ಸಂಜೆ ಮಗಳು ನೀರಿಗಿಳಿಯುತ್ತೇನೆ ಅಂದಳು. ಉಳಿದುಕೊಂಡಿದ್ದ ಹೋಮ್‌ಸ್ಟೇಯವರನ್ನು ಕೇಳಿದೆ. "ಎಲ್ಲಿ ಬೇಕಾದ್ರೂ ಇಳಿಬಹುದು ಮೇಡಂ" ಅಂದರು. ಇಬ್ಬರೂ ಬೀಚಿನಲ್ಲಿ ನಡೆದು ಜನ ಇಲ್ಲದ ಒಂದು ಜಾಗ ಹುಡುಕಿಕೊಂಡೆವು. ಆಚೀಚೆ ಅಲೆ ಒಡೆದು ನೊರೆ ಬರುತ್ತಿತ್ತು. ನಡುವೆ ಒಂದು ಕಡೆ ಮಾತ್ರ ನೊರೆ ಇಲ್ಲ, ನೀರು ಸ್ವಲ್ಪ ಕಂದು, ಮೇಲೆ ನೋಡಿದರೆ ಶಾಂತ. ನಮ್ಮಂಥವರ ಕಣ್ಣಿಗೆ ಅದೇ ಒಳ್ಳೆಯ ಜಾಗ ಅಲ್ವಾ? ಮಗಳು ಚಪ್ಪಲಿ ಬಿಟ್ಟಳು. ಬಲೆ ಬಿಡಿಸುತ್ತಾ ಕೂತಿದ್ದ ಒಬ್ಬ ಹಿರಿಯರು ಅಲ್ಲಿಂದಲೇ ಕೂಗಿದರು.

"ಅಲ್ಲಿ ಬೇಡ ಅಕ್ಕ! ಇನಿ ಕಡಲ್ ಸಮ ಇಜ್ಜಿ. ಅದು ಒಳಗೆ ಎಳೀತದೆ." ಇವತ್ತು ಕಡಲು ಸರಿ ಇಲ್ಲ ಅಂತ ತುಳುವಿನಲ್ಲಿ ಹೇಳಿದ್ದು.

ಅವರು ಎದ್ದು ಬಂದು ಒಂದು ತೆಂಗಿನ ಸಿಪ್ಪೆ ಎಸೆದು ತೋರಿಸಿದರು. ಎರಡೂ ಕಡೆಯ ಕಸ ಅಲೆಯ ಜೊತೆ ದಡಕ್ಕೆ ಬರುತ್ತಿದ್ದರೆ, ಸಿಪ್ಪೆ ನೆಟ್ಟಗೆ ಕಡಲಿಗೆ ಹೊರಟಿತು. ನಾನು ಎಣಿಸುತ್ತಿದ್ದೆ. ಮೂವತ್ತು ಎಣಿಸುವಷ್ಟರಲ್ಲಿ ಕಾಣದಾಯಿತು. ದಡಕ್ಕೆ ಬಂದ ನೀರು ವಾಪಸ್ ಹೋಗಲು ಮಾಡಿಕೊಂಡ ದಾರಿ ಅದು. ಇಂಗ್ಲಿಷಿನವರು ರಿಪ್ ಕರೆಂಟ್ ಅನ್ನುತ್ತಾರೆ. ಶಾಂಭವಿ, ನಂದಿನಿ ಎರಡೂ ನದಿ ಕಡಲು ಸೇರುವ ಅಳಿವೆ ಬೇರೆ ಅಲ್ಲೇ ಹತ್ತಿರ. ಇಂಥ ಎಳೆತದಲ್ಲಿ ಸಿಕ್ಕಿದವರು ದಡದ ಕಡೆ ಈಜಿ ಈಜಿ ಸುಸ್ತಾಗಿ ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ, ಪಕ್ಕಕ್ಕೆ ಈಜಿದರೆ ಅದರ ಹಿಡಿತದಿಂದ ತಪ್ಪಿಸಿಕೊಳ್ಳಬಹುದು. ಇಪ್ಪತ್ತು ವರ್ಷದಿಂದ ವಿಜ್ಞಾನ ಪಾಠ ಮಾಡುವ ನನಗೆ ಇದು ಗೊತ್ತಾಗಿದ್ದು ಅವತ್ತು.

ಸರ್, ಘಟ್ಟದ ಮೇಲಿನ ನಮಗೆ ಕೆರೆ ಗೊತ್ತು, ಹೊಳೆ ಗೊತ್ತು. ಕಡಲು ಓದಲು ಬರುವುದಿಲ್ಲ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ನೀರುಪಾಲಾದ ನಾಲ್ವರು ವಿದ್ಯಾರ್ಥಿನಿಯರು ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದವರು. ಆ ಸುದ್ದಿ ಓದಿದ ರಾತ್ರಿ ನಮ್ಮ ಸ್ಟಾಫ್ ಗ್ರೂಪಿನಲ್ಲಿ ಯಾರೂ ಒಂದು ಮಾತೂ ಬರೆಯಲಿಲ್ಲ.

ಓದಲು ಬರುವವರು ಇಲ್ಲದೇ ಇಲ್ಲ. ಆ ಹಿರಿಯರಿಗೆ ಬರುತ್ತದೆ. ಭಾನುವಾರ ಬೆಳಿಗ್ಗೆ ಕ್ಲಾಸು ತೆಗೆದುಕೊಂಡ ಹುಡುಗನಿಗೂ ಬರುತ್ತದೆ. ಅವನು ಬೋರ್ಡನ್ನು ಮರಳಿನಲ್ಲಿಟ್ಟು ಐದು ನಿಮಿಷ ಕಡಲನ್ನೇ ನೋಡಿದ. ಆಮೇಲೆ ನಮ್ಮನ್ನು ನೂರು ಹೆಜ್ಜೆ ಉತ್ತರಕ್ಕೆ ನಡೆಸಿಕೊಂಡು ಹೋದ. ಮಗಳ ಕಾಲಿಗೆ ಬೋರ್ಡಿನ ಹಗ್ಗ ಕಟ್ಟಿ, ಮರಳಿನ ಮೇಲೇ ಹತ್ತು ಸಲ ಮಲಗಿಸಿ ಏಳಿಸಿದ. ಅವಳು ಒಂಬತ್ತು ಸಲ ಬಿದ್ದು, ಹತ್ತನೇ ಸಲ ಮೂರು ಸೆಕೆಂಡು ನಿಂತಳು. ಆ ಮೂರು ಸೆಕೆಂಡಿನ ವಿಡಿಯೋವನ್ನು ನೆಂಟರಿಗೆಲ್ಲ ಕಳಿಸಿದ್ದಾಯಿತು. ನಿಮಗೂ ಕಳಿಸುತ್ತಿದ್ದೆ.

ನನ್ನ ಬೇಡಿಕೆ ಒಂದು ಹಲಗೆ. ಜನ ಇಳಿಯುವ ಪ್ರತಿ ಬೀಚಿನಲ್ಲಿ, ದಿನಾ ಬೆಳಿಗ್ಗೆ ಸೀಮೆಸುಣ್ಣದಲ್ಲಿ ಬರೆಯುವ ಕಪ್ಪು ಹಲಗೆ. ಇವತ್ತು ಅಲೆ ಎಷ್ಟು ಎತ್ತರ, ಎಳೆತ ಎಲ್ಲಿದೆ, ಇಳಿಯಬಹುದೋ ಬಾರದೋ. ಕನ್ನಡದಲ್ಲಿ, ಜೊತೆಗೆ ತುಳುವಿನಲ್ಲೂ ಒಂದು ಸಾಲು ಇರಲಿ. ಅಲೆಯ ಲೆಕ್ಕ ಹೊಸದಾಗಿ ಹಾಕಬೇಕಿಲ್ಲ. ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಇನ್‌ಕಾಯಿಸ್ ಸಂಸ್ಥೆ ಕರಾವಳಿಯ ಅಲೆ, ಗಾಳಿಯ ಮುನ್ಸೂಚನೆಯನ್ನು ದಿನಾ ಕೊಡುತ್ತದೆ. ಎಳೆತ ಎಲ್ಲಿದೆ ಅಂತ ಹೇಳಲು ಮಾತ್ರ ಊರಿನ ಕಣ್ಣೇ ಬೇಕು, ಯಾಕೆಂದರೆ ಅದು ಆಗಾಗ ಜಾಗ ಬದಲಾಯಿಸುತ್ತದಂತೆ. ಊರಿನ ಒಬ್ಬ ಮೀನುಗಾರನಿಗೋ ಸರ್ಫಿಂಗ್ ಕಲಿಸುವ ಹುಡುಗನಿಗೋ ತಿಂಗಳ ಸಂಬಳ ಕೊಟ್ಟು ಈ ಕೆಲಸ ವಹಿಸಿ.

ಇದು ಸಣ್ಣ ಬೇಡಿಕೆ ಅನ್ನಿಸಬಹುದು. ಕರಾವಳಿ ಅಂದ ತಕ್ಷಣ ವೇದಿಕೆ ಮೇಲೆ ಗೋವಾ ಮಾತು ಬರುತ್ತದೆ, ದೊಡ್ಡ ದೊಡ್ಡ ಯೋಜನೆ ಬರುತ್ತದೆ. 2022ರ ಮೇನಲ್ಲಿ ಮಲ್ಪೆಯಲ್ಲಿ ತೇಲುವ ಸೇತುವೆ ಉದ್ಘಾಟನೆಯಾಗಿ ಕೆಲವೇ ದಿನಕ್ಕೆ ಅಲೆಯ ಹೊಡೆತಕ್ಕೆ ಬಿಡಿಬಿಡಿಯಾಯಿತು. ಹಲಗೆಯನ್ನು ಅಲೆ ಕೊಂಡುಹೋದರೆ ಇನ್ನೊಂದು ಹಲಗೆ ಹಾಕಿದರಾಯಿತು. ಮೂಲ್ಕಿಯಿಂದ ಸ್ವಲ್ಪ ಉತ್ತರಕ್ಕೆ ಹೋದರೆ ಪಡುಬಿದ್ರಿ. ಅಲ್ಲಿಯ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಜೀವರಕ್ಷಕರು, ಶೌಚಾಲಯ, ನೀರಿನ ಗುಣಮಟ್ಟದ ಮಾಹಿತಿ ಇಲ್ಲದೆ ಆ ಬಾವುಟ ಹಾರಿಸುವ ಹಾಗಿಲ್ಲ. ಅಂದರೆ ಮಾಡಲು ನಮಗೆ ಬರುತ್ತದೆ. ಅದು ಒಂದೆರಡು ಬೀಚಿಗೇ ಯಾಕೆ ನಿಲ್ಲಬೇಕು? (ಬಟ್ಟೆ ಬದಲಾಯಿಸಲು ಒಂದು ಕೋಣೆಯನ್ನೂ ಇದೇ ಪತ್ರದಲ್ಲಿ ಕೇಳಿಬಿಡುತ್ತೇನೆ. ಮಗಳು ಒದ್ದೆ ಬಟ್ಟೆಗೆ ಟವೆಲ್ ಸುತ್ತಿಕೊಂಡು ಆಟೋದಲ್ಲಿ ಕೂತಾಗ ಡ್ರೈವರ್ ಮುಖ ನೋಡುವ ಹಾಗಿರಲಿಲ್ಲ.)

ಈ ಡಿಸೆಂಬರಿನಲ್ಲಿ ಒಂಬತ್ತನೇ ಕ್ಲಾಸಿನ 42 ಮಕ್ಕಳನ್ನು ಸಸಿಹಿತ್ಲುವಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಅವರಲ್ಲಿ ಹೆಚ್ಚಿನವರು ಕಡಲು ನೋಡಿಲ್ಲ. ಹೆಡ್‌ಮೇಷ್ಟ್ರು ಒಂದೇ ಪ್ರಶ್ನೆ ಕೇಳಿದ್ದಾರೆ. ಆ ದಿನ ಕಡಲು ಹೇಗಿದೆ ಅಂತ ಯಾರಿಗೆ ಫೋನ್ ಮಾಡಿ ಕೇಳುತ್ತೀರಿ? ಬಸ್ಸಿಗೆ ಅಡ್ವಾನ್ಸ್ ಕೊಡುವ ಮೊದಲು ನಾನು ಅವರಿಗೆ ಉತ್ತರ ಹೇಳಬೇಕು. ದಯವಿಟ್ಟು ಆ ನಂಬರ್ ತಿಳಿಸಿ.

ಇಂತಿ,
ಹಾಸನ ಜಿಲ್ಲೆಯ ಒಬ್ಬ ಟೀಚರ್