ಅಮ್ಮನಿಗೆ ವರ್ಷ ತುಂಬಿತು

ಕಳೆದ ಆಷಾಢದಲ್ಲಿ, ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಹಿತ್ತಿಲಲ್ಲಿ, ಕೊಟ್ಟಿಗೆಗೆ ಹೊರಟ ಅಮ್ಮ ಹಾಸುಗಲ್ಲಿನ ಪಾಚಿಗೆ ಕಾಲು ಜಾರಿ ಬಿದ್ದಳು. ಆಗ ಅವಳಿಗೆ 79. ಬಲಗಾಲು ಗಿಡ್ಡವಾದಂತೆ ಕಾಣುತ್ತಿತ್ತು, ಪಾದ ಹೊರಕ್ಕೆ ತಿರುಗಿತ್ತು. ಇವತ್ತಿಗೆ ಸರಿಯಾಗಿ ಒಂದು ವರ್ಷ. ಅವತ್ತು ನೆರವಾದವರಿಗೆ ಆ ಗಡಿಬಿಡಿಯಲ್ಲಿ ಒಂದು ಮಾತೂ ಹೇಳಲಾಗಲಿಲ್ಲ. ಅದಕ್ಕೇ ಈ ಬರಹ.

ಮೊದಲು ಆಚೆಮನೆಯ ಅಣ್ಣ ತಮ್ಮಂದಿರಿಗೆ. ಎಣ್ಣೆ ಹಚ್ಚಿ ನೀವಿದರೆ ಸರಿಹೋಗುತ್ತದೆ ಎಂದವರೂ ಇದ್ದರು. ನೀವು ಯಾರ ಕೈಯನ್ನೂ ಆ ಕಾಲಿನ ಹತ್ತಿರ ಬಿಡಲಿಲ್ಲ. ಕಾಲುಗಳ ನಡುವೆ ದಿಂಬಿಟ್ಟು ಸಡಿಲವಾಗಿ ಕಟ್ಟಿ, ಜಗಲಿಯ ಬೆಂಚಿನ ಮೇಲೆ ಮಲಗಿಸಿ, ಜಡಿಮಳೆಯಲ್ಲಿ ಸಂಕ ದಾಟಿಸಿ ರಸ್ತೆಗೆ ತಂದಿರಿ. ಮೊದಲು ಹೋದ ಕಡೆ, ಈ ವಯಸ್ಸಿಗೆ ಆಪರೇಷನ್ ಯಾಕೆ, ಮನೆಯಲ್ಲೇ ಮಲಗಿಸಿ ನೋಡಿಕೊಳ್ಳಿ ಎಂದರು. ನಾನು ಅಲ್ಲೇ ಕುಸಿದಿದ್ದೆ. "ಶಿವಮೊಗ್ಗಕ್ಕೆ ಹೋಗುವ, ಹತ್ತು ಮೊದಲು" ಎಂದು ದೊಡ್ಡಣ್ಣ ನೀವು ಗದರಿದ್ದರಿಂದ ನಾನು ಗಾಡಿ ಹತ್ತಿದೆ. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟುವವರೆಗೂ ಹೊಂಡ ಕಂಡಲ್ಲೆಲ್ಲ ನಿಧಾನ ಮಾಡಿದ ಆಂಬುಲೆನ್ಸ್ ಚಾಲಕರೇ, ಅಮ್ಮ ನಿಮ್ಮನ್ನು ಈಗಲೂ "ಆ ಹುಡುಗ" ಎಂದು ನೆನೆಯುತ್ತಾಳೆ.

ಮುರಿದಿದ್ದು ತೊಡೆಮೂಳೆಯ ಕುತ್ತಿಗೆ, ಅಂದರೆ ಸೊಂಟದ ಬಟ್ಟಲಿನಲ್ಲಿ ಕೂರುವ ಚೆಂಡಿನ ಕೆಳಗಿನ ಸಪೂರ ಭಾಗ. ಅಲ್ಲಿ ಮುರಿದರೆ ಚೆಂಡಿಗೆ ರಕ್ತ ಹೋಗುವ ದಾರಿಯೇ ತುಂಡಾಗಬಹುದು, ಈ ವಯಸ್ಸಿನಲ್ಲಿ ಕೂಡಿಸಿದರೂ ಕೂಡುವ ಭರವಸೆ ಕಡಿಮೆ, ಚೆಂಡನ್ನೇ ಬದಲಿಸೋಣ, ಬಟ್ಟಲು ಚೆನ್ನಾಗಿದೆ, ಅದನ್ನು ಮುಟ್ಟುವುದು ಬೇಡ ಎಂದರು ಮೂಳೆ ಡಾಕ್ಟರು. ಹೊಸ ಚೆಂಡಿಗೆ ಆಧಾರವಾಗಿ ತೊಡೆಮೂಳೆಯೊಳಗೆ ಇಳಿಯುವ ಸರಳನ್ನು ಸಿಮೆಂಟ್ ಹಾಕಿ ಕೂರಿಸುತ್ತೇವೆ ಎಂದಾಗ ನಮ್ಮಲ್ಲಿ ಗೊಂದಲವಾಯಿತು. ಬೆಂಗಳೂರಿನಿಂದ ಭಾವ ಫೋನ್ ಮಾಡಿ, ಸಿಮೆಂಟ್ ಹಳೇ ಪದ್ಧತಿ, ಅದಿಲ್ಲದ್ದೇ ಹಾಕಿಸಿ, ದುಡ್ಡು ಹೆಚ್ಚಾದರೂ ಪರವಾಗಿಲ್ಲ ಎಂದರು. ಅವರದೂ ಪ್ರೀತಿಯ ಮಾತೇ.

ಡಾಕ್ಟರೇ, ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ನೀವು ನಮ್ಮನ್ನು ಕೂರಿಸಿಕೊಂಡು ಹೇಳಿದ್ದನ್ನು ಇಲ್ಲಿ ಬರೆಯಲೇಬೇಕು. ನನ್ನ ಹಾಗೆ ತಬ್ಬಿಬ್ಬಾಗುವವರು ಇನ್ನೂ ಇರುತ್ತಾರೆ. ಸಿಮೆಂಟ್ ಇಲ್ಲದ ಸರಳನ್ನು ಮೂಳೆಯೊಳಗೆ ಬಿಗಿಯಾಗಿ ಬಡಿದು ಕೂರಿಸಬೇಕು, ಆಮೇಲೆ ಮೂಳೆ ಅದಕ್ಕೆ ಹತ್ತಿ ಬೆಳೆಯಬೇಕು. ಸವೆದು ತೆಳುವಾದ ಮೂಳೆ ಆ ಬಡಿತಕ್ಕೇ ಸೀಳಬಹುದು, ಇಲ್ಲವೇ ಮುಂದೊಂದು ದಿನ ಸರಳಿನ ಸುತ್ತ ಮುರಿಯಬಹುದು. ಈ ಸಿಮೆಂಟ್ ಮನೆ ಕಟ್ಟುವ ಸಿಮೆಂಟ್ ಅಲ್ಲ, ಒಂಥರ ಅಕ್ರಿಲಿಕ್. ಪುಡಿಗೆ ದ್ರವ ಕಲಸಿದರೆ ಬಿಸಿಯಾಗಿ ಹತ್ತು ಹದಿನೈದು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಅದು ಅಂಟೂ ಅಲ್ಲ. ಬೇಲಿಗೂಟ ನೆಟ್ಟು ಸುತ್ತ ಮಣ್ಣು ಜಡಿಯುತ್ತೀರಲ್ಲ, ಹಾಗೆ ಸಂದು ತುಂಬಿ ಹಿಡಿದಿಡುತ್ತದೆ ಎಂದಿರಿ. ಇಂಗ್ಲೆಂಡಿನ ಮೂಳೆ ಡಾಕ್ಟರು ಜಾನ್ ಚಾರ್ನ್ಲಿ 1960ರ ದಶಕದಲ್ಲಿ ಹೀಗೆ ಕೂರಿಸಿ ತೋರಿಸಿದ ಮೇಲೆ ಜಗತ್ತಿನಾದ್ಯಂತ ಹಬ್ಬಿದ ಕ್ರಮ ಇದು.

2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವನ್ನೂ ತೋರಿಸಿದಿರಿ. ಅಮ್ಮನ ಹಾಗೆಯೇ ಸೊಂಟ ಮುರಿದುಕೊಂಡ, 60 ದಾಟಿದ 1225 ಜನ. ಸರಳಿನ ಸುತ್ತ ಮತ್ತೆ ಮೂಳೆ ಮುರಿದದ್ದು ಸಿಮೆಂಟ್ ಹಾಕಿದವರಲ್ಲಿ ಶೇ. 0.5, ಹೊಸ ಬಗೆಯ ಸಿಮೆಂಟ್‌ರಹಿತ ಸರಳು ಹಾಕಿದವರಲ್ಲಿ ಶೇ. 2.1. ನಾಲ್ಕು ತಿಂಗಳ ಹೊತ್ತಿಗೆ ದಿನನಿತ್ಯದ ಬದುಕೂ ಸಿಮೆಂಟ್ ಹಾಕಿದವರದೇ ಮೇಲು. ಅದೇ ಕಾಗದದಲ್ಲಿ ಇನ್ನೊಂದು ಸಂಖ್ಯೆಯೂ ಇತ್ತು, ನೀವು ಮುಚ್ಚಿಡಲಿಲ್ಲ. ಸಿಮೆಂಟ್ ಹಾಕಿಸಿಕೊಂಡವರಲ್ಲೂ ನೂರಕ್ಕೆ ಸುಮಾರು 24 ಜನ ವರ್ಷ ತುಂಬುವುದರೊಳಗೆ ತೀರಿಕೊಂಡಿದ್ದರು. ಅಂದಿನಿಂದ ನಾನು ತಿಂಗಳು ಎಣಿಸಿದ್ದೇನೆ. ಇವತ್ತಿನ ದಿನಕ್ಕೆ ನಮ್ಮ ಮನೆಯಲ್ಲಿ ಇಷ್ಟು ಬೆಲೆ ಯಾಕೆಂದು ಈಗ ಗೊತ್ತಾಗಿರಬಹುದು.

ಸಿಮೆಂಟ್ ತುಂಬುವ ಹೊತ್ತಿಗೆ ಕೆಲವರಿಗೆ ಇದ್ದಕ್ಕಿದ್ದಂತೆ ಬಿ.ಪಿ. ಇಳಿಯುತ್ತದಂತೆ, ಉಸಿರಿಗೂ ತೊಂದರೆಯಾಗಬಹುದಂತೆ. ಆ ನಿಮಿಷಗಳಲ್ಲಿ ಅಮ್ಮನ ತಲೆಯ ಬಳಿ ನಿಂತು ಕಣ್ಣು ಮಿಟುಕಿಸದೆ ಕಾದ ಅರಿವಳಿಕೆ ಡಾಕ್ಟರಿಗೆ ಕೈ ಮುಗಿಯುತ್ತೇನೆ. ನಿಮ್ಮ ಮುಖ ನಾನು ಸರಿಯಾಗಿ ನೋಡಿಲ್ಲ, ಮಾಸ್ಕ್ ಹಾಕಿದ್ದಿರಿ.

ಬಿದ್ದ ಎರಡನೇ ದಿನಕ್ಕೆ ಆಪರೇಷನ್ ಆಯಿತು, ಮರುದಿನವೇ ವಾಕರ್ ಹಿಡಿದು ಎದ್ದು ನಿಂತಳು. ಕಷ್ಟ ಬಂದಿದ್ದು ರಾತ್ರಿಗಳಲ್ಲಿ. ಅಮ್ಮನಿಗೆ ನನ್ನ ಗುರುತೇ ಸಿಗಲಿಲ್ಲ. ಯಾವತ್ತೋ ತೀರಿಹೋದ ಅಜ್ಜಿಯನ್ನು ಕೂಗುತ್ತಿದ್ದಳು, ಕರುವಿಗೆ ಹಾಲು ಬಿಟ್ಟಿದ್ದೀರಾ ಎಂದು ಕೇಳುತ್ತಿದ್ದಳು, ಡ್ರಿಪ್ಪಿನ ಸೂಜಿ ಕೀಳಲು ಹೋಗುತ್ತಿದ್ದಳು. ವಯಸ್ಸಾದವರಿಗೆ ಆಪರೇಷನ್ ಆದ ಮೇಲೆ ಹೀಗಾಗುವುದುಂಟು, ಹೆದರಬೇಡಿ ಎಂದ ರಾತ್ರಿಪಾಳಿಯ ಸಿಸ್ಟರ್, ನೀವು ಕನ್ನಡಕ ಹಾಕಿಸಿ, ಕೈ ಹಿಡಿದು, "ಬಿಟ್ಟಿದ್ದೇವಮ್ಮ, ಕರು ಕುಡೀತು" ಎಂದಿರಿ. ಅವಳು ಮಲಗಿದಳು. ನಾಲ್ಕನೇ ದಿನ ತಾನಾಗಿಯೇ ನನ್ನ ಹೆಸರು ಹಿಡಿದು ಕರೆದಳು.

ನಾವು ಊರಿಗೆ ಮರಳುವಷ್ಟರಲ್ಲಿ ಕಮೋಡ್ ಕೂರಿಸಿ ಗೋಡೆಗೆ ಹಿಡಿಕೆ ಹಾಕಿಟ್ಟಿದ್ದ ಗಾರೆ ಕೆಲಸದವರಿಗೆ, ಮಂಚ ಎತ್ತರಿಸಿದ ಆಚಾರ್ರಿಗೆ, ಬಸ್ಸಿಳಿದು ಮಳೆಯಲ್ಲಿ ನಡೆದು ಬಂದು ವ್ಯಾಯಾಮ ಮಾಡಿಸಿದ ಫಿಸಿಯೋಥೆರಪಿ ತಂಗಿಗೆ, ಎಲ್ಲರಿಗೂ ನಮಸ್ಕಾರ.

ಅಮ್ಮ ಈಗ ಕೋಲು ಹಿಡಿದು ಅಂಗಳದುದ್ದಕ್ಕೂ ನಡೆಯುತ್ತಾಳೆ. ದರೆ ಇಳಿದು ತೋಟಕ್ಕೆ ಹೋಗಲಾಗುವುದಿಲ್ಲ, ಥಂಡಿಗೆ ತೊಡೆ ನೋಯುತ್ತದೆ. ಮಣೆಯ ಮೇಲೆ ಕೂರುವ ಹಾಗಿಲ್ಲ, ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ಹಾಗೂ ಇಲ್ಲ. ಅದು ಅವಳಿಗೆ ದೊಡ್ಡ ನೋವು. ಆದರೂ ಈ ಸಲದ ಕೊಯ್ಲಿನಲ್ಲಿ ಎತ್ತರದ ಕುರ್ಚಿ ಹಾಕಿಸಿಕೊಂಡು, ಮೇಜಿನ ಮೇಲೆ ಅಡಿಕೆ ಹರಡಿ, ಹಸ, ಬೆಟ್ಟೆ, ಗೊರಬಲು ಎಂದು ಬಗೆಬಗೆಯಾಗಿ ಬೇರೆ ಮಾಡಿದವಳು ಅವಳೇ.

ಕೊನೆಗೊಬ್ಬರು. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯಲ್ಲಿದ್ದ ತಮ್ಮ ಅಮ್ಮನನ್ನು ನೋಡಿಕೊಳ್ಳುತ್ತಿದ್ದ ಸೊರಬ ಕಡೆಯ ಅಕ್ಕ, ನಮ್ಮಮ್ಮ ನಡುಗಿದ ರಾತ್ರಿ ನೀವು ಹೊದ್ದಿದ್ದ ಕಂಬಳಿ ತೆಗೆದು ಅವಳಿಗೆ ಹೊದಿಸಿದಿರಿ. ಬೆಳಗ್ಗೆ ನಿಮ್ಮವರನ್ನು ಮನೆಗೆ ಕಳಿಸಿದ ಗಡಿಬಿಡಿಯಲ್ಲಿ ಅದು ನಮ್ಮಲ್ಲೇ ಉಳಿಯಿತು, ಫೋನ್ ನಂಬರೂ ಕೇಳಲಾಗಲಿಲ್ಲ. ತೊಳೆದು, ಒಣಗಿಸಿ, ಮಡಚಿ ಇಟ್ಟಿದ್ದೇವೆ. ನಿಮ್ಮ ಅಮ್ಮ ಹೇಗಿದ್ದಾರೆ ಎಂದು ನಮ್ಮಮ್ಮ ಕೇಳುತ್ತಲೇ ಇರುತ್ತಾಳೆ. ಈ ಬರಹ ಕಣ್ಣಿಗೆ ಬಿದ್ದರೆ ಒಂದು ಮಾತು ತಿಳಿಸಿ, ಕಂಬಳಿ ನಾನೇ ತಂದುಕೊಡುತ್ತೇನೆ.