ಬಲಕ್ಕೆ ಸರಿಸುವ ಮುಂಚೆ

ಚಿ. ಮಾಲತಿಗೆ ದೊಡ್ಡಮ್ಮನ ಆಶೀರ್ವಾದಗಳು.

ಡೇಟಿಂಗ್ ಆ್ಯಪ್‌ನಲ್ಲಿ ಬೇರೆ ದೇಶದವರ ಜೊತೆ ಮಾತು ಶುರುವಾಗಿದೆಯಂತೆ. ಬೇಡ ಅನ್ನಲು ಬರೆಯುತ್ತಿಲ್ಲ. ಎದುರಿನವರು ಮಾತಾಡುತ್ತಿರುವುದು ನಿನ್ನ ಜೊತೆಗೋ, ನಿನ್ನಂಥವರ ಬಗ್ಗೆ ಅವರ ತಲೆಯಲ್ಲಿ ಕೂತ ಚಿತ್ರದ ಜೊತೆಗೋ ಅನ್ನುವುದನ್ನು ಮೊದಲ ವಾರದಲ್ಲೇ ನೋಡಿಕೋ.

ಅವರ ಮೆಸೇಜಿನಿಂದ ನಿನ್ನ ದೇಶ, ಮೈಬಣ್ಣದ ಮಾತನ್ನೆಲ್ಲ ಹೊಡೆದುಹಾಕಿ ಓದು. “ನಿಮ್ಮ ಕಡೆಯ ಹೆಂಗಸರೆಂದರೆ ಮೊದಲಿನಿಂದಲೂ ಇಷ್ಟ, ಗಂಡನ ಮಾತು ಮೀರುವವರಲ್ಲ.” ಏನು ಉಳಿಯಿತು? ಇದನ್ನೇ ಇನ್ನೂ ಇಪ್ಪತ್ತು ಜನಕ್ಕೆ ಕಳಿಸಬಹುದು. “ಆ ಸೇತುವೆಯ ವಿನ್ಯಾಸ ಎಲ್ಲಿಗೆ ಬಂತು?” ಅಂದವರು ನಿನ್ನ ಪ್ರೊಫೈಲ್ ಓದಿದ್ದಾರೆ.

ಹೊಗಳಿದರಲ್ಲ ಅಂತ ಸುಮ್ಮನಾಗಬೇಡ. ಪೂರ್ವದ ಹೆಣ್ಣು ವಿಧೇಯಳು ಅನ್ನುವುದು ವಸಾಹತು ಕಾಲದ ಪ್ರವಾಸಕಥೆ, ಪೋಸ್ಟ್‌ಕಾರ್ಡುಗಳು ಹರಡಿದ ಸರಕು. ಆ ನೋಟ ಎಷ್ಟು ಕ್ರೂರವಾಗಬಲ್ಲದು ಗೊತ್ತೇ? ದಕ್ಷಿಣ ಆಫ್ರಿಕಾದ ಸಾರಾ ಬಾರ್ಟ್‌ಮನ್‌ಳನ್ನು 1810ರಲ್ಲಿ ಲಂಡನ್ನಿಗೆ ಕರೆದೊಯ್ದು, ದುಡ್ಡು ಕೊಟ್ಟವರಿಗೆ ಅವಳ ಮೈ ತೋರಿಸಿದರು. ಅವಳ ಅವಶೇಷ ತಾಯ್ನಾಡಿಗೆ ಮರಳಿದ್ದು 2002ರಲ್ಲಿ! ಕಪ್ಪು ಹೆಣ್ಣಿಗೆ ಮೊದಲ ಮೆಸೇಜಿನಲ್ಲೇ ಮೈಯ ಮಾತು ಬರೆಯುವವರು ಇವತ್ತಿಗೂ ಇದ್ದಾರೆ.

ಅಂಥ ಮಾತು ಬಂದರೆ “ಹಾಗೆ ಯಾಕೆ ಅನ್ನಿಸಿತು?” ಅಂತ ಒಂದೇ ಸಲ ಕೇಳು. ತಪ್ಪಾಯಿತು ಅಂದು ನಿನ್ನ ಬಗ್ಗೆ ವಿಚಾರಿಸಿದರೆ ಮುಂದುವರಿಸು. “ತಮಾಷೆಗೆ ಅಂದೆ, ಅಷ್ಟಕ್ಕೇ ಸಿಟ್ಟೇ?” ಅಂದರೆ ಅನ್‌ಮ್ಯಾಚ್ ಮಾಡಿ ಮಾತುಕತೆ ಕಡಿದುಬಿಡು. ಕೂತು ತಿದ್ದುವ ಉಸಾಬರಿ ನಿನಗೆ ಬೇಡ.

ನಿನ್ನ ಹೆಬ್ಬೆರಳ ಮೇಲೂ ಕಣ್ಣಿರಲಿ: ಪ್ರೊಫೈಲನ್ನು ಬಲಕ್ಕೆ ಸರಿಸಿದರೆ ಇಷ್ಟ, ಎಡಕ್ಕೆ ತಳ್ಳಿದರೆ ಬೇಡ ಅಂತ ತಾನೇ? ಓಕೆಕ್ಯುಪಿಡ್ ಅನ್ನುವ ಡೇಟಿಂಗ್ ತಾಣ 2014ರಲ್ಲಿ ಪ್ರಕಟಿಸಿದ ಅಮೆರಿಕದ ಅಂಕಿಅಂಶದಲ್ಲಿ ಕಪ್ಪು ಹೆಂಗಸರಿಗೂ ಏಷ್ಯಾ ಮೂಲದ ಗಂಡಸರಿಗೂ ಬೇರೆ ಗುಂಪಿನವರು ಕೊಟ್ಟ ಅಂಕ ಸರಾಸರಿಗಿಂತ ಕಡಿಮೆ. ಸಲಿಂಗಿಗಳು ಹೆಚ್ಚಾಗಿ ಬಳಸುವ ಗ್ರೈಂಡರ್ ಆ್ಯಪ್ 2020ರಲ್ಲಿ, ಜನಾಂಗ ನೋಡಿ ಜನರನ್ನು ಸೋಸುವ ಫಿಲ್ಟರನ್ನೇ ತೆಗೆಯಿತು. ಅಷ್ಟರಿಂದ ಮುಗಿಯುವುದಿಲ್ಲ. ನೀನು ಯಾರನ್ನು ಎಡಕ್ಕೆ ತಳ್ಳುತ್ತೀಯೋ ಅದನ್ನು ನೋಡಿಯೇ ಎಷ್ಟೋ ಆ್ಯಪ್‌ಗಳು ಮುಂದಿನ ಮುಖ ತೋರಿಸುತ್ತವೆ, ಹಾಗಾಗಿ ಇವತ್ತಿನ ಪೂರ್ವಗ್ರಹ ನಾಳೆಯ ಪಟ್ಟಿಯಾಗುತ್ತದೆ. ಒಂದು ಸಂಜೆ 30 ಪ್ರೊಫೈಲ್ ನೋಡಿ, ಬಯೋ, ಅಂದರೆ ಅವರು ತಮ್ಮ ಬಗ್ಗೆ ಬರೆದುಕೊಂಡದ್ದನ್ನು, ಓದದೆಯೇ ಎಡಕ್ಕೆ ತಳ್ಳಿದ್ದು ಎಷ್ಟು, ಅವರ ಬಣ್ಣ ಯಾವುದು ಅಂತ ಬರೆದಿಡು. ಬಿಳಿಯರ ಖಾಲಿ ಬಯೋ ಬಲಕ್ಕೂ ಕಪ್ಪು ಜನರ ಸೊಗಸಾದ ಬಯೋ ಎಡಕ್ಕೂ ಹೋಗಿದ್ದರೆ ಅದನ್ನು “ನನ್ನ ಟೇಸ್ಟ್” ಅನ್ನಬೇಡ.

ಭೇಟಿಗೆ ಮುಂಚೆ 20 ನಿಮಿಷದ ವಿಡಿಯೋ ಕರೆ ಇಟ್ಟುಕೋ. ನಿನ್ನ ಉಚ್ಚಾರ ಅಣಕಿಸುತ್ತಾರೋ, ಹೆಸರನ್ನು ಸರಿಯಾಗಿ ಹೇಳಲು ನೋಡುತ್ತಾರೋ, ತಮಗೆ ಸಲೀಸಾದದ್ದೊಂದು ಇಟ್ಟು ಕರೆಯುತ್ತಾರೋ, ಅಲ್ಲೇ ಗೊತ್ತಾಗುತ್ತದೆ.

ನಿನ್ನ ದೊಡ್ಡಮ್ಮ